ಅಜ್ಜಿಯ ದೆವ್ವದ ಕಥೆ ಮಕ್ಕಳಿಗೆ ಹೇಳ್ತೀರಾ?

ಮಗಳಿಗೆ ಎಂಟು ವರ್ಷ. ಚಿಕ್ಕಂದಿನಲ್ಲಿ ನಾನು ಕೇಳಿದ ದೆವ್ವದ ಕಥೆ ಬೇಕೇ ಬೇಕು ಅಂತ ಹಟ. ಒಂದು ಹೇಳಿದೆ, ಮೂರು ರಾತ್ರಿ ಬಚ್ಚಲಿಗೆ ಒಬ್ಬಳೇ ಹೋಗಲಿಲ್ಲ. ನಮ್ಮ ಕಡೆಯವರು ಹೇಳಿ, ನೀವೇನು ಮಾಡಿದಿರಿ?

ಬಾಗಲಕೋಟೆಯಿಂದ:
ಹೇಳಿ, ಆದರೆ ಹಗಲು ಹೊತ್ತು. ಹಳೆ ಊರಲ್ಲಿ ನಮ್ಮ ಮನೆ ಹಿಂದೆ ಹುಣಸೆ ಗಿಡ ಇತ್ತು. ಅಮಾವಾಸ್ಯೆಗೆ ಅದರ ಕೆಳಗೆ ಒಬ್ಬಳು ಕೂದಲು ಬಿಚ್ಚಿಕೊಂಡು ಕೂರುತ್ತಾಳೆ ಅಂತ ಅಜ್ಜಿ ಹೇಳುತ್ತಿದ್ದಳು. ಆಲಮಟ್ಟಿ ಹಿನ್ನೀರು ಬಂತು. ಮನೆಯೂ ಹೋಯಿತು, ಗಿಡವೂ ಹೋಯಿತು, ಮುಳುಗಡೆಯಾದವರಿಗೆ ಪ್ಲಾಟ್ ಕೊಟ್ಟ ಹೊಸ ಊರು ನವನಗರಕ್ಕೆ ನಾವು ಬಂದೆವು. ಹೋದ ಬೇಸಿಗೆಯಲ್ಲಿ ಮಗನನ್ನು ದಂಡೆಗೆ ಕರೆದುಕೊಂಡು ಹೋಗಿ, ಜಾಗ ತೋರಿಸಿ ಕಥೆ ಹೇಳಿದೆ. ಅವನು ಹೆದರಲೇ ಇಲ್ಲ. "ಹಂಗಾರ ಅಕಿಗೂ ನವನಗರದಾಗ ಪ್ಲಾಟ್ ಕೊಟ್ರೇನಪ್ಪಾ?" ಅಂದ. ನಕ್ಕೂ ನಕ್ಕೂ ಸಾಕಾಯಿತು. ಆಮೇಲೆ ಪರಿಹಾರದ ದುಡ್ಡಿಗೆ ಅಜ್ಜ ಚಪ್ಪಲಿ ಸವೆಸಿದ್ದು ಹೇಳಿದೆ. ಅದನ್ನೇ ಜಾಸ್ತಿ ಕಿವಿಗೊಟ್ಟು ಕೇಳಿದ.

ಬೆಳಗಾವಿಯಿಂದ:
ನಮ್ಮ ಗಲ್ಲಿಯಲ್ಲಿ ಅವ್ವನ ಗುಮ್ಮ, ಪಕ್ಕದ ಮನೆ ಮರಾಠಿ ಕಾಕುವಿನ ಬಾಗುಲ್‌ಬುವಾ, ಇಬ್ಬರೂ ಇದ್ದರು. ಒಬ್ಬನಿಗೆ ಬಗ್ಗದಿದ್ದರೆ ಇನ್ನೊಬ್ಬನನ್ನು ಕರೆಯುತ್ತಿದ್ದರು. ಊಟ ಮಾಡಿಸೋಕೆ ಮಾತ್ರ ಹೆದರಿಸಬೇಡಿ. ನನಗೆ ನಲವತ್ತು ದಾಟಿದೆ, ಈಗಲೂ ತಟ್ಟೆಯಲ್ಲಿ ಒಂದು ಅಗುಳು ಬಿಡೋ ಧೈರ್ಯ ಇಲ್ಲ.

ವಿಜಯಪುರದಿಂದ:
ಎಲ್ಲ ಕಥೆಯೂ ಮಕ್ಕಳಿಗಲ್ಲ ಅಂತ ನನಗನಿಸುತ್ತದೆ. ನಮ್ಮೂರ ಹೊರಗೆ ಸಾಠ್ ಕಬರ್ ಅನ್ನೋ ಹಳೆ ಗೋರಿಗಳ ಜಾಗ ಇದೆಯಲ್ಲ. 1659ರಲ್ಲಿ ಶಿವಾಜಿಯ ಮೇಲೆ ಹೊರಟ ಬಿಜಾಪುರದ ಸೇನಾಪತಿ ಅಫ್ಜಲ್ ಖಾನನಿಗೆ ನೀನು ತಿರುಗಿ ಬರಲ್ಲ ಅಂತ ಜೋಯಿಸರು ಹೇಳಿದರಂತೆ. ಅವನು ತನ್ನ 63 ಹೆಂಡಿರನ್ನು ಬಾವಿಗೆ ನೂಕಿಸಿದನಂತೆ. ಜನ ಹೇಳುವ ಕಥೆ ಇದು. ನಮ್ಮವ್ವ ಇದಕ್ಕೆ, ರಾತ್ರಿ ಬಾವಿಯಿಂದ ಬಳೆ ಸದ್ದು ಬರುತ್ತದೆ ಅಂತ ತನ್ನದೂ ಒಂದು ಸೇರಿಸುತ್ತಿದ್ದಳು. ಯಾರಾದರೂ ಪಾತ್ರೆ ತೊಳೆಯುವಾಗ ಬಳೆ ಝಲ್ಲೆಂದರೂ ನಾನು ಕೌದಿಯೊಳಗೆ!

ಮೊನ್ನೆ ಮಟಮಟ ಮಧ್ಯಾಹ್ನ ಅಲ್ಲಿಗೆ ಹೋಗಿದ್ದೆ. ಕಲ್ಲಿನ ಗೋರಿಗಳು ಸಾಲು ಸಾಲು, ಒಂದರ ಪಕ್ಕ ಒಂದು. ಎಣಿಸೋಕೆ ಶುರು ಮಾಡಿ ನಡುವೆಯೇ ಬಿಟ್ಟೆ. ಬಳೆ ನೆನಪಿಗೇ ಬರಲಿಲ್ಲ. ನೂಕಿಸಿದವನನ್ನು ನೆನೆದೇ ಹೊಟ್ಟೆಯೊಳಗೆ ಒಂಥರಾ ಆಯಿತು. ಮಗಳಿಗೆ ಇನ್ನೂ ಹೇಳಿಲ್ಲ.

ಅವಳನ್ನು ಗೋಲ್ ಗುಂಬಜ್‌ಗೆ ಕರೆದೊಯ್ದೆ. ಮೇಲೆ ಗ್ಯಾಲರಿಯಲ್ಲಿ ಕೂಗಿದ್ದು ಮತ್ತೆ ಮತ್ತೆ ತಿರುಗಿ ಕೇಳುತ್ತದೆ, ಗೊತ್ತಲ್ಲ. "ದೆವ್ವಾ" ಅಂತ ತಾನೇ ಕೂಗಿ, ಓಡಿ ಬಂದು ನನ್ನ ಸೆರಗಿಗೆ ಜೋತುಬಿದ್ದಳು. ಸೆರಗು ಬಿಡದೆಯೇ ಇನ್ನೊಮ್ಮೆ ಕೂಗಿದಳು.