ಕಾಸಾಬ್ಲಾಂಕಾದ ಕಡಲ ಮಸೀದಿ: ಹೋಗಿ ಬಂದವರು ಹೇಳ್ತೀರಾ?

ಪಯಣಿಗ:
ಮುಂದಿನ ತಿಂಗಳು ಅಮ್ಮನ ಜೊತೆ ಮೊರಾಕೊಗೆ ಹೊರಟಿದ್ದೇನೆ. ಅಲ್ಲಿನ ದೊರೆಯಾಗಿದ್ದ ಎರಡನೇ ಹಸನ್ ಹೆಸರಿನ ಮಸೀದಿ ನೋಡುವ ಆಸೆ. ನಾವು ಮುಸ್ಲಿಮರಲ್ಲ. ಯಾರಿಗೂ ಬೇಜಾರಾಗದ ಹಾಗೆ ನೋಡಿ ಬರಬೇಕು. ಅಮ್ಮನಿಗೆ ಮಂಡಿನೋವು ಬೇರೆ. ನಿಮ್ಮ ಅನುಭವ ಹೇಳಿ.

ಗಂಟುಮೂಟೆ:
ಶುಕ್ರವಾರ ಮಾತ್ರ ಬೇಡ. ನಾನು ಕೆಟ್ಟಿದ್ದೇ ಅಲ್ಲಿ. ಅವತ್ತು ಗೈಡ್ ಜೊತೆ ಒಳಗೆ ತೋರಿಸುವ ಟೂರ್ ಕಡಿಮೆ, ಟೂರ್ ಇಲ್ಲದೆ ನಮ್ಮಂಥವರನ್ನು ಒಳಗೆ ಬಿಡುವುದಿಲ್ಲ. ಸ್ಟೇಷನ್ನಿಂದ ಟ್ಯಾಕ್ಸಿಯವನು ಮೀಟರ್ ಹಾಕದೆ 60 ದಿರ್ಹಮ್ ಕಿತ್ತ. ಹೋಗಿ ಇಳಿದರೆ ಜನ ಸಾಲುಸಾಲಾಗಿ ಜುಮ್ಮಾ ನಮಾಜಿಗೆ ಬರುತ್ತಿದ್ದಾರೆ. ಸಂಜೆಯ ರೈಲು ಬಿಟ್ಟು ರಾತ್ರಿ ಉಳಿದೆ. ರೂಮು 480, ಊಟ 70, ಮರುದಿನ ಟ್ಯಾಕ್ಸಿ 25, ಮಸೀದಿ ಟಿಕೆಟ್ 140, ಹೊಸ ರೈಲು ಟಿಕೆಟ್ ಬೇರೆ. ದೇವರ ಮನೆಗೆ ಟಿಕೆಟ್ ಯಾಕೆ ಅಂತ ಇನ್ನೂ ಹೊಟ್ಟೆ ಉರಿಯುತ್ತದೆ.

ಕಡಲಹಕ್ಕಿ:
ಹಾಗೆ ಹೇಳಬೇಡಿ. ನಮಾಜಿಗೆ ಬರುವವರಿಂದ ಕಾಸು ತೆಗೆದುಕೊಳ್ಳುವುದಿಲ್ಲ. ಮಸೀದಿಯ ಒಂದು ಭಾಗ ಅಟ್ಲಾಂಟಿಕ್ ನೀರಿನ ಮೇಲೇ ನಿಂತಿದೆ. ಕಟ್ಟಿ ಮುಗಿಸಿದ್ದು 1993ರಲ್ಲಿ, ಉಪ್ಪುನೀರಿಗೆ ಕಾಂಕ್ರೀಟಿನ ಒಳಗಿನ ಕಬ್ಬಿಣ ತುಕ್ಕು ಹಿಡಿದು ಈಗಾಗಲೇ ದೊಡ್ಡ ರಿಪೇರಿ ಆಗಿದೆ. ಆ ದೇಶದ ಬಹುತೇಕ ಮಸೀದಿಗಳಲ್ಲಿ ನಮ್ಮನ್ನು ಹೊಸಿಲು ದಾಟಲೂ ಬಿಡುವುದಿಲ್ಲ. ಇಲ್ಲಿ ಬಿಡುತ್ತಾರಲ್ಲ!

ನಾನು ಹೋದಾಗ ಭುಜ, ಮಂಡಿ ಮುಚ್ಚಿದ್ದರೆ ಸಾಕು, ಟೂರಿಗೆ ಬಂದ ಹೆಂಗಸರು ತಲೆ ಮುಚ್ಚಲೇಬೇಕೆಂದಿಲ್ಲ ಎಂದರು. ಆದರೂ ದುಪಟ್ಟಾ ಹೊದ್ದೇ ಹೋದೆ. ಶೂ ಬಿಚ್ಚಿ ಚೀಲಕ್ಕೆ ಹಾಕಿ ಕೈಯಲ್ಲಿ ಹಿಡಿದುಕೊಳ್ಳಬೇಕು. ಅಮೃತಶಿಲೆಯ ತಂಪು ಕಾಲುಚೀಲ ದಾಟಿ ಪಾದಕ್ಕೆ ಹತ್ತಿತು. ಕೆಲಸದವರೊಬ್ಬರು ಕುಕ್ಕರಗಾಲಲ್ಲಿ ಕೂತು ಕಾರ್ಪೆಟ್ ಅಂಚನ್ನು ಅಂಗೈಯಲ್ಲಿ ನೀವಿ ಸರಿಮಾಡುತ್ತಿದ್ದರು. ಅವರತ್ತ ಕ್ಯಾಮೆರಾ ಹಿಡಿಯಲು ಮನಸ್ಸಾಗಲಿಲ್ಲ.

ದಾರಿಹೋಕ:
ಬೇಕಿಲ್ಲ ಅಂದಮೇಲೂ ತಲೆ ಮುಚ್ಚುವುದು ತೋರಿಕೆ ಅಲ್ವಾ ಮೇಡಂ? ಮೆಲ್ಲಗೆ ಮಾತಾಡಿ, ಮೊಬೈಲ್ ಸೈಲೆಂಟ್ ಮಾಡಿ, ಅದೇ ಗೌರವ. ನಾನು ಹೊರಗಿನ ಅಂಗಳದಲ್ಲೇ ಎರಡು ಗಂಟೆ ಕೂತೆ, ಒಂದು ಪೈಸೆ ಖರ್ಚಿಲ್ಲ. 210 ಮೀಟರಿನ ಮಿನಾರ್, ಜಗತ್ತಿನಲ್ಲೇ ಎತ್ತರದ್ದು!

ಕಡಲಹಕ್ಕಿ:
ನನ್ನ ಅಜ್ಜಿ ಯಾವ ಗುಡಿಗೆ ಹೋದರೂ ಸೆರಗು ತಲೆ ಮೇಲೆ ಎಳೆದುಕೊಳ್ಳುತ್ತಿದ್ದಳು. ಅದೂ ತೋರಿಕೆನಾ? ಒಳಗೇ ಹೋಗದವರು ನನಗೆ ಗೌರವದ ಪಾಠ ಹೇಳಬೇಡಿ. ಜಗತ್ತಿನ ಎತ್ತರದ ಮಿನಾರ್ ಈಗ ಅಲ್ಜೀರಿಯಾದ ಅಲ್ಜೀರ್ಸ್ ಊರಿನ ಮಸೀದಿಯದು, 265 ಮೀಟರ್.

ದಾರಿಹೋಕ:
ನಾನು ಹೋದಾಗ ಇದೇ ಎತ್ತರದ್ದಾಗಿತ್ತು. ಸುಮ್ನೆ ತಪ್ಪು ಹುಡುಕಬೇಡಿ.

ಗಂಟುಮೂಟೆ:
ಮಿನಾರ್ ಬಿಡ್ರಿ. ಪಯಣಿಗ ಅವರೇ, ವುಜೂ ಮಾಡುವ, ಅಂದ್ರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ಜಾಗ ನೆಲಮಾಳಿಗೆಯಲ್ಲಿದೆ, ಟೂರ್ ಅಲ್ಲಿಗೂ ಇಳಿಯುತ್ತದೆ. ಅಮ್ಮನ ಮಂಡಿ ವಿಷಯ ಗೈಡಿಗೆ ಮೊದಲೇ ಹೇಳಿ. ಟ್ಯಾಕ್ಸಿ ಹತ್ತುವ ಮುಂಚೆ ಮೀಟರ್ ಹಾಕಿಸಿ.