ಗೇಟ್ ತೆರೆದ ಮೇಲೆ 3-1 ಹೇಗೆ 2-1 ಆಗುತ್ತೆ? ಕೈಚಳಕವೋ, ಲೆಕ್ಕವೋ?

ಕಡೇಫರ್ಲಾಂಗ್ ಕೇಳಿದ್ದು:

ಅಮೆರಿಕದ ಕುದುರೆ ರೇಸ್ ಟ್ರ್ಯಾಕ್‌ಗಳ ಪೂಲ್ ಬೆಟ್ಟಿಂಗ್ (ಎಲ್ಲರ ದುಡ್ಡು ಒಟ್ಟುಮಾಡಿ ಗೆದ್ದವರಿಗೆ ಹಂಚೋದು) ಬಗ್ಗೆ ಕೇಳ್ತಿದ್ದೀನಿ. ಕುದುರೆಗಳು ಗೇಟಿನೊಳಗೆ ಹೋಗುವಾಗ ಬೋರ್ಡಿನಲ್ಲಿ 3-1 ಇರುತ್ತೆ, ಅಂದ್ರೆ ಒಂದು ಕಟ್ಟಿದರೆ ಮೂರು ಲಾಭ. ಓಟ ಶುರುವಾಗಿ ಮೊದಲ ತಿರುವು ಮುಟ್ಟುವಷ್ಟರಲ್ಲಿ ಅದೇ ಕುದುರೆ 2-1. ಕೊನೆಗೆ ಗೆಲ್ಲೋದೂ ಅದೇ. ಓಟ ಶುರುವಾದ ಮೇಲೂ ಒಳಗಿನವರು ದುಡ್ಡು ಕಟ್ತಾರೆ ಅಂತ ಕೆಲವರು. ಕಂಪ್ಯೂಟರ್ ನಿಧಾನ ಅಷ್ಟೇ ಅಂತ ಇನ್ನು ಕೆಲವರು. ನಿಜ ಯಾವುದು? ಬ್ರೇಕೇಜ್ ಅಂತ ಚಿಲ್ಲರೆ ಮುರಿದುಕೊಳ್ತಾರಲ್ಲ, ಅದು ಲೆಕ್ಕಕ್ಕೆ ಬರುವಷ್ಟು ದೊಡ್ಡದಾ? ಇದಕ್ಕೆಲ್ಲ ದೂರು ಕೊಟ್ಟರೆ ಯಾರಾದರೂ ಕಿವಿಗೆ ಹಾಕ್ಕೊಳ್ತಾರಾ? ಅಂದಾಜಿನ ಮಾತು ಬೇಡ, ಅಂಕಿ ಹಾಕಿ ಹೇಳಿ.

ಲೆಕ್ಕದಪುಸ್ತಕ:

ಪೂಲ್ ಅಂದ್ರೆ ಟ್ರ್ಯಾಕಿನಲ್ಲಿಟ್ಟಿರೋ ಒಂದೇ ಹುಂಡಿ ಅಲ್ಲ. ಬೇರೆ ಟ್ರ್ಯಾಕ್‌ಗಳಲ್ಲಿ, ಹೊರಗಿನ ಬೆಟ್ಟಿಂಗ್ ಕೇಂದ್ರಗಳಲ್ಲಿ, ಫೋನಿನ ಖಾತೆಗಳಲ್ಲಿ ಕಟ್ಟಿದ ದುಡ್ಡೆಲ್ಲ ಮೊದಲು ಅವರವರ ಹಬ್‌ಗೆ ಬೀಳುತ್ತೆ. ಆ ಹಬ್‌ಗಳು ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಒಟ್ಟು ಮೊತ್ತವನ್ನ ಓಟ ನಡೆಯೋ ಟ್ರ್ಯಾಕಿನ ಲೆಕ್ಕದ ಕಂಪ್ಯೂಟರ್ ಆದ ಟೋಟ್‌ಗೆ ಕಳಿಸ್ತವೆ. ಬೋರ್ಡಿನಲ್ಲಿ ಕಾಣೋದು ಹಿಂದಿನ ಸುತ್ತಿನ ಲೆಕ್ಕ. ಗೇಟ್ ತೆರೆಯುವಾಗ ಸ್ಟೀವರ್ಡ್ಸ್ (ಓಟದ ತೀರ್ಪುಗಾರರು) ಪೂಲ್ ಮುಚ್ಚಿಸ್ತಾರೆ, ಆಮೇಲೆ ಎಲ್ಲ ಹಬ್‌ಗಳಿಂದ ಕೊನೆಯ ಮೊತ್ತ ಬಂದು ಸೇರಬೇಕು. ಅದು ಸೇರಿ ಬೋರ್ಡ್ ಬದಲಾಗುವ ಹೊತ್ತಿಗೆ ಕುದುರೆಗಳು ಅರ್ಧ ಹಾದಿಯಲ್ಲಿರ್ತವೆ. ದುಡ್ಡು ಬಿದ್ದಿದ್ದು ಗೇಟ್ ತೆರೆಯೋ ಮುಂಚೆ, ಕಂಡಿದ್ದು ಆಮೇಲೆ.

ಅಂಕಿ ಇಲ್ಲಿದೆ. ವಿನ್ ಪೂಲ್ (ಮೊದಲು ಬರೋ ಕುದುರೆ ಮೇಲಿನ ಬಾಜಿಯ ದುಡ್ಡು) 1,00,000 ಡಾಲರ್, ಟ್ರ್ಯಾಕಿನವರು ಮುರಿದುಕೊಳ್ಳೋ ಟೇಕ್‌ಔಟ್ 16% ಅಂತಿಟ್ಟುಕೊಳ್ಳಿ. ಹಂಚೋಕೆ ಉಳಿಯೋದು 84,000. ನಿಮ್ಮ ಕುದುರೆ ಮೇಲೆ 21,000 ಇದ್ರೆ ಡಾಲರಿಗೆ 4.00 ವಾಪಸ್, ಅಂದ್ರೆ 3-1. ಈಗ ಕೊನೇ ಸುತ್ತಿನಲ್ಲಿ 20,000 ಬಂತು, ಅದರಲ್ಲಿ 12,000 ನಿಮ್ಮ ಕುದುರೆ ಮೇಲೇ ಬಿತ್ತು. ಪೂಲ್ 1,20,000, ಹಂಚೋದು 1,00,800, ಕುದುರೆ ಮೇಲಿನ ದುಡ್ಡು 33,000. ಭಾಗಿಸಿದರೆ 3.054. ಬ್ರೇಕೇಜ್ ಇಲ್ಲೇ ಬರೋದು. ಅಮೆರಿಕದಲ್ಲಿ ಹೆಚ್ಚಿನ ಕಡೆ ಡಾಲರಿಗೆ 10 ಸೆಂಟಿನ ಹತ್ತಿರದ ಕೆಳಗಿನ ಅಂಕಿಗೆ ಇಳಿಸ್ತಾರೆ. ಹಾಗಾಗಿ ನಿಮಗೆ 3.00, ಬೋರ್ಡಿನಲ್ಲಿ 2-1.

ಆ 0.054 ಚಿಲ್ಲರೆ ಅಲ್ವಾ ಅಂದ್ರೆ, ಅದನ್ನ 33,000ದಿಂದ ಗುಣಿಸಿ: 1,800 ಡಾಲರ್. ಇಡೀ ಪೂಲಿನ 1.5%. ಬರೆದಿರೋದು 16%, ಹೋಗಿದ್ದು 17.5%. ಭಾರೀ ಫೇವರಿಟ್‌ಗಳಲ್ಲಿ (ಜಾಸ್ತಿ ದುಡ್ಡು ಬಿದ್ದ ಕುದುರೆಗಳು) ಇನ್ನೂ ಕೆಟ್ಟದು. 1.39 ಬರಬೇಕಾದ್ದು 1.30 ಆದ್ರೆ 39 ಸೆಂಟ್ ಲಾಭದಲ್ಲಿ 9 ಸೆಂಟ್ ಮಾಯ, ಹತ್ತಿರ ಹತ್ತಿರ ಕಾಲುಭಾಗ. ಪ್ಲೇಸ್ (ಮೊದಲ ಎರಡರಲ್ಲಿ ಬಂದರೆ), ಶೋ (ಮೊದಲ ಮೂರರಲ್ಲಿ ಬಂದರೆ) ಪೂಲ್‌ಗಳಲ್ಲಿ ಆಡೋರಿಗೆ ಇದು ದಿನಾ ತಟ್ಟುತ್ತೆ. ಕೆಂಟಕಿಯಲ್ಲಿ 2022ರಿಂದ ಸೆಂಟಿನ ಮಟ್ಟಕ್ಕೆ ಲೆಕ್ಕ ಹಾಕಿ ಕೊಡ್ತಾರೆ. ಅಲ್ಲಿ ಮೇಲಿನ ಉದಾಹರಣೆಗೆ ಡಾಲರಿಗೆ 3.05 ಸಿಗ್ತಿತ್ತು. ನಾಣ್ಯ ಎಣಿಸೋ ಕಾಲದ ರೂಢಿಯನ್ನ ಕಂಪ್ಯೂಟರ್ ಕಾಲದಲ್ಲೂ ಇಟ್ಟುಕೊಳ್ಳೋಕೆ ಬೇರೆ ಕಾರಣ ನನಗಂತೂ ಕಾಣಲ್ಲ.

ಮೂರನೇಕಂಬಿ:

ಮೇಲಿನ ಲೆಕ್ಕ ಸರಿ. ಆದ್ರೆ ಆ 12,000 ಯಾರದ್ದು, ಕೊನೇ ಕ್ಷಣದಲ್ಲೇ ಯಾಕೆ ಬಂತು ಅಂತ ಕೇಳದಿದ್ರೆ ಮುಖ್ಯ ದೂರು ತಪ್ಪಿಹೋಗುತ್ತೆ.

ಅದು ಬಹುಪಾಲು ಕಂಪ್ಯೂಟರ್ ಗುಂಪುಗಳ ದುಡ್ಡು. ಅವರ ಪ್ರೋಗ್ರಾಂ ಟೋಟ್‌ಗೆ ನೇರವಾಗಿ ಜೋಡಿಸಿರುತ್ತೆ. ಎಲ್ಲ ಪೂಲ್‌ಗಳ ಮೊತ್ತ ಓದಿ, ಯಾವ ಕುದುರೆಗೆ ಬೆಲೆ ಜಾಸ್ತಿ ಸಿಗ್ತಿದೆ ಅಂತ ಲೆಕ್ಕ ಹಾಕಿ, ಕೊನೇ ಸೆಕೆಂಡುಗಳಲ್ಲಿ ಸಾವಿರಾರು ಟಿಕೆಟ್ ಒಟ್ಟಿಗೆ ಬಿಡುತ್ತೆ. ಕಾದಷ್ಟೂ ಪೂಲ್ ಸ್ಪಷ್ಟ, ಅದಕ್ಕೇ ಕೊನೆಗೆ ಬರ್ತಾರೆ. ಇದರಲ್ಲಿ ಮೋಸ ಏನಿಲ್ಲ. ತಕರಾರು ಇರೋದು ಅವರು ಕೊಡೋ ಬೆಲೆಯಲ್ಲಿ. ಅವರಿಗೆ ರಿಬೇಟ್ (ಕಟ್ಟಿದ್ದರಲ್ಲಿ ಒಂದು ಪಾಲು ವಾಪಸ್) ಸಿಗುತ್ತೆ, ಕಿಟಕಿಯಲ್ಲಿ ನಿಂತು ದುಡ್ಡು ಕಟ್ಟೋನಿಗೆ ಇಲ್ಲ.

ಟೇಕ್‌ಔಟ್ 20% ಇರೋ ಪೂಲ್ ತಗೊಳ್ಳಿ. ಎಲ್ಲರೂ ಸೇರಿ 100 ಕಟ್ಟಿದರೆ 20 ಹೋಗಲೇಬೇಕು. ಪೂಲಿನ ಮೂರನೇ ಒಂದು ಪಾಲು ಕಂಪ್ಯೂಟರ್ ಗುಂಪಿನದು, ಅವರು ಜಾಣತನದಿಂದ 100ಕ್ಕೆ 8 ಮಾತ್ರ ಕಳೆದುಕೊಳ್ತಾರೆ ಅಂತಿಟ್ಟುಕೊಳ್ಳಿ. ಉಳಿದ ಮೂರನೇ ಎರಡು ಪಾಲಿನವರು 100ಕ್ಕೆ 26 ಕಳೆದುಕೊಂಡರೆ ಮಾತ್ರ ಲೆಕ್ಕ ಕೂಡುತ್ತೆ. ಈಗ ಗುಂಪಿಗೆ 10% ರಿಬೇಟ್ ಕೊಡಿ: 8 ಕಳೆದು 10 ವಾಪಸ್, 2 ಲಾಭ. ಉಂಡೂ ಹೋದ, ಕೊಂಡೂ ಹೋದ. ಬೋರ್ಡಿನ ಮೇಲೆ ಎಲ್ಲರಿಗೂ 20% ಅಂತಲೇ ಬರೆದಿರುತ್ತೆ.

ಟ್ರ್ಯಾಕಿನವರ ಕಡೆಯ ವಾದವೂ ಇದೆ. ದೊಡ್ಡ ಮೊತ್ತ ಬಂದ್ರೆ ಪೂಲ್ ದೊಡ್ಡದಾಗುತ್ತೆ, ಬಹುಮಾನದ ಹಣಕ್ಕೆ ಕಾಸು ಹುಟ್ಟುತ್ತೆ, ಬೆಲೆ ಕಡಿಮೆ ಮಾಡದಿದ್ರೆ ಆ ಗುಂಪುಗಳು ಬರೋದೇ ಇಲ್ಲ ಅಂತಾರೆ. ಒಪ್ಪೋಣ. ಹಾಂಗ್‌ಕಾಂಗ್ ಜಾಕಿ ಕ್ಲಬ್ ಕೂಡ 2006ರಲ್ಲಿ ರಿಬೇಟ್ ಶುರು ಮಾಡಿತು. ಸೋತ ಬಾಜಿ 10,000 ಹಾಂಗ್‌ಕಾಂಗ್ ಡಾಲರ್ ಅಥವಾ ಹೆಚ್ಚಿದ್ರೆ 10% ವಾಪಸ್. ದೊಡ್ಡ ಕುಳಗಳಿಗೇ ಅನುಕೂಲ, ನಿಜ. ಆದ್ರೆ ನಿಯಮ ಬಹಿರಂಗ, ಅಷ್ಟು ಕಟ್ಟೋ ಯಾರಿಗಾದರೂ ಒಂದೇ. ಅಮೆರಿಕದಲ್ಲಿ ಇದು ಖಾಸಗಿ ಒಪ್ಪಂದ. ಯಾರಿಗೆ ಎಷ್ಟು ಅಂತ ಪಕ್ಕದಲ್ಲಿ ನಿಂತೋನಿಗೂ ಗೊತ್ತಾಗಲ್ಲ.

ನ್ಯೂಯಾರ್ಕ್ ರೇಸಿಂಗ್ ಅಸೋಸಿಯೇಷನ್ 2021ರಲ್ಲಿ ಒಂದು ತಡೆ ಹಾಕಿತು: ಓಟಕ್ಕೆ 2 ನಿಮಿಷ ಉಳಿದಾಗ ಇಂಥ ಗುಂಪುಗಳಿಗೆ ವಿನ್ ಪೂಲ್ ಬಂದ್. ಕೊನೇ ಗಳಿಗೆಯ ಕುಸಿತಕ್ಕೆ ಇದು ನೇರ ಮದ್ದು. ರಿಬೇಟ್ ಮಾತ್ರ ಇದ್ದಲ್ಲೇ ಇದೆ.

ಟೇಕ್‌ಔಟ್ ಏರಿಸಿ ಪೆಟ್ಟು ತಿಂದವರೂ ಇದ್ದಾರೆ. ಕ್ಯಾಲಿಫೋರ್ನಿಯಾ 2011ರಲ್ಲಿ ಎರಡು ಕುದುರೆಯ ಬಾಜಿಗಳಿಗೆ 20.68 ಇದ್ದದ್ದನ್ನ 22.68% ಮಾಡಿತು, ಮೂರು ಅಥವಾ ಹೆಚ್ಚು ಕುದುರೆಯವಕ್ಕೆ 23.68%. ಆಟಗಾರರು ಬಹಿಷ್ಕಾರಕ್ಕೇ ಇಳಿದರು. ಕೆಂಟಕಿಯ ಕೀನ್‌ಲ್ಯಾಂಡ್ ಟ್ರ್ಯಾಕ್ 2017ರಲ್ಲಿ ವಿನ್-ಪ್ಲೇಸ್-ಶೋ 16ರಿಂದ 17.5ಕ್ಕೆ, ಉಳಿದ ಹೆಚ್ಚಿನ ಬಾಜಿ 19ರಿಂದ 22ಕ್ಕೆ ಏರಿಸಿತು. ಆ ಸೀಸನ್‌ನಲ್ಲಿ ಒಟ್ಟು ಬಾಜಿ ಇಳೀತು. ಯಾಕೆ ಅನ್ನೋದು ಸರಳ. ಗೆದ್ದದ್ದನ್ನೇ ಮತ್ತೆ ಕಟ್ಟೋ ಆಟ ಇದು. 100 ಹಿಡಿದು ಬಂದೋನು ಐದು ಸಲ ತಿರುಗಿಸಿದ್ರೆ 16% ಟೇಕ್‌ಔಟಿನಲ್ಲಿ ಸರಾಸರಿ 42 ಉಳಿಯುತ್ತೆ, 25%ನಲ್ಲಿ 24. ಬೇಗ ಬರಿಗೈ ಆದೋನು ಕೊನೇ ಓಟದ ತನಕ ಕೂರಲ್ಲ.

ಒದ್ದೆಟ್ರ್ಯಾಕ್:

ಮೋಸ ಇಲ್ಲ ಅಂತ ಪೂರ್ತಿ ತಳ್ಳಿಹಾಕೋ ಹಾಗಿಲ್ಲ. 2002ರ ಬ್ರೀಡರ್ಸ್ ಕಪ್ ದಿನ ಆರ್ಲಿಂಗ್ಟನ್ ಪಾರ್ಕಿನ ಪಿಕ್ ಸಿಕ್ಸ್ (ಸಾಲಾಗಿ ಆರು ಓಟಗಳಲ್ಲಿ ಗೆಲ್ಲೋ ಕುದುರೆ ಹೇಳೋ ಬಾಜಿ) ಹಗರಣ ಆಗಿದ್ದು ನಿಜ. ಆಗ ಹೊರಗಿನ ಹಬ್‌ಗಳು ಪಿಕ್ ಸಿಕ್ಸ್ ಟಿಕೆಟ್‌ನ ಪೂರ್ತಿ ವಿವರವನ್ನ ನಾಲ್ಕು ಓಟ ಮುಗಿದ ಮೇಲಷ್ಟೇ ಕಳಿಸ್ತಿದ್ದವು, ಅಲ್ಲಿಯವರೆಗೆ ಹೋಗ್ತಿದ್ದದ್ದು ಬರೀ ಮೊತ್ತ. ಟೋಟ್ ಕಂಪನಿಯ ಒಳಗಿದ್ದ ಒಬ್ಬ ಪ್ರೋಗ್ರಾಮರ್ ಆ ಸಂದಿಯಲ್ಲಿ ಕೈ ಹಾಕಿ, ಮುಗಿದ ನಾಲ್ಕೂ ಓಟಗಳ ಗೆದ್ದ ಕುದುರೆ ಒಂದೊಂದನ್ನೇ ತುಂಬಿಸಿ, ಉಳಿದೆರಡು ಓಟಕ್ಕೆ ಎಲ್ಲ ಕುದುರೆಗಳನ್ನೂ ಹಿಡಿದ. ಕೊನೇ ಓಟದಲ್ಲಿ ವೊಲ್ಪೋನಿ ಅನ್ನೋ ಕುದುರೆ 43-1ಕ್ಕೆ ಗೆದ್ದು ಎಲ್ಲ ಹಾಳು ಮಾಡಿತು. ಗೆದ್ದ ಟಿಕೆಟ್ ಆರೂ ಒಬ್ಬನವೇ ಆಗಿದ್ದವು, ಮೊತ್ತ 30 ಲಕ್ಷ ಡಾಲರ್ ದಾಟಿತು. ನಾಲ್ಕು ಓಟಕ್ಕೆ ಒಂದೊಂದೇ, ಎರಡಕ್ಕೆ ಎಲ್ಲವೂ. ಆಟ ಬಲ್ಲ ಯಾರೂ ಹಾಗೆ ಟಿಕೆಟ್ ಕಟ್ಟಲ್ಲ, ಸಿಕ್ಕಿಬಿದ್ದ. ಫೇವರಿಟ್ ಗೆದ್ದಿದ್ರೆ ಬೇರೆ ಗೆದ್ದವರ ಗುಂಪಿನಲ್ಲಿ ಕರಗಿಹೋಗ್ತಿದ್ದ.

ಆದ್ರೆ ಗಮನಿಸಿ, ಅದು ಆರು ಓಟದ ಬಾಜಿಯ ಸಂದಿ, ವಿನ್ ಪೂಲಿನದ್ದಲ್ಲ. ನಿಮ್ಮ ಅನುಮಾನ ಪರೀಕ್ಷಿಸಬೇಕು ಅಂದ್ರೆ 50 ಓಟ ಹಿಡ್ಕೊಳ್ಳಿ. ಪ್ರತಿ ಕುದುರೆಗೂ ಎರಡು ಅಂಕಿ ಬರೀರಿ, ಗೇಟ್ ತೆರೆದ ಕ್ಷಣದ್ದು ಮತ್ತು ಕೊನೆಯದ್ದು. ಗೆದ್ದದ್ದಕ್ಕೆ ಮಾತ್ರ ಬರೆದ್ರೆ ಪ್ರಯೋಜನ ಇಲ್ಲ. ಬೆಲೆ ಕುಸಿದು ಐದನೇ ಸ್ಥಾನಕ್ಕೆ ಬಂದ ಕುದುರೆಗಳೂ ಸಿಗ್ತವೆ. ನಮ್ಮ ಕಣ್ಣು ಅವನ್ನ ಹಿಡಿಯಲ್ಲ ಅಷ್ಟೆ. ಗೆದ್ದ ಕುದುರೆಗಳು ಸ್ವಲ್ಪ ಜಾಸ್ತಿ ಕುಸಿದಿರೋದು ಕಂಡ್ರೂ ಮೋಸ ಅಂತ ಆಗಲ್ಲ. ಕೊನೆಗೆ ಬರೋ ದುಡ್ಡು ಲೆಕ್ಕ ಬಲ್ಲವರದ್ದು.

ಇನ್ನೊಂದು ಕಿರಿಕಿರಿ. ಬೋರ್ಡಿನಲ್ಲಿ 'ಇನ್ನು 0 ನಿಮಿಷ' ಅಂತ ತೋರಿಸಿ, ಕುದುರೆಗಳನ್ನ ಗೇಟಿನ ಹಿಂದೆ ಸುತ್ತಾಡಿಸ್ತಾ ನಿಮಿಷಗಟ್ಟಲೆ ಎಳೀತಾರೆ. ಪೂಲ್ ತೆರೆದಷ್ಟು ಹೊತ್ತು ದುಡ್ಡು ಬರುತ್ತಲ್ಲ! 0 ಆಯ್ತು ಅಂತ ಗಾಬರಿಯಲ್ಲಿ ಕಟ್ಟೋನು ಬೆಲೆ ನೋಡದೆ ಕಟ್ಟಿದ ಹಾಗೆ. ಬೋರ್ಡಿನ ಗಡಿಯಾರ ಬಿಡಿ. ಗೇಟಿನೊಳಗೆ ಎಷ್ಟನೇ ಕುದುರೆ ಹೋಯ್ತು ಅಂತ ಎಣಿಸಿ, ಕೊನೆಯ ಎರಡು ಉಳಿದಾಗ ಕಟ್ಟಿ.

ಗೇಟ್‌ನಂಬರ್7:

ಇಷ್ಟೆಲ್ಲ ಗೋಳು ಯಾಕೆ? ಬುಕ್ಕಿ ಹತ್ರ ನಿಗದಿತ ಬೆಲೆಗೆ ಕಟ್ಟಿದ್ರೆ 3-1 ಅಂದ್ರೆ 3-1.

ಮೂರನೇಕಂಬಿ:

ಬೆಲೆ ನಿಂತಿರುತ್ತೆ, ನೀವು ನಿಲ್ಲಲ್ಲ. ಗೆಲ್ಲೋ ಖಾತೆಯನ್ನ ಬುಕ್ಕಿ ಕಂಪನಿಗಳು ಗುರುತಿಸಿ ಮಿತಿ ಹಾಕ್ತವೆ. 100 ಕಟ್ಟೋಕೆ ಹೋದ್ರೆ 2 ಮಾತ್ರ ತಗೊಳ್ಳುತ್ತೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಇದಕ್ಕೇ 2014ರಲ್ಲಿ ನಿಯಮ ಬಂತು: ಮಹಾನಗರದ ಓಟಗಳಲ್ಲಿ ಒಂದು ಬಾಜಿಗೆ ಕನಿಷ್ಠ 2,000 ಡಾಲರ್ ಕಳೆದುಕೊಳ್ಳುವಷ್ಟು, ಉಳಿದ ಕಡೆ 1,000 ಡಾಲರಿನಷ್ಟು ಬುಕ್ಕಿ ಒಪ್ಪಲೇಬೇಕು. ಬೇರೆ ಎಷ್ಟೋ ಕಡೆ ಅಂಥ ರಕ್ಷಣೆ ಇಲ್ಲ.

'3-1 ಅಂದ್ರೆ 3-1' ಕೂಡ ಯಾವಾಗಲೂ ನಿಜ ಅಲ್ಲ. ಬ್ರಿಟನ್‌ನಲ್ಲಿ ರೂಲ್ 4 ಇದೆ. ನೀವು 5-1ಕ್ಕೆ 100 ಪೌಂಡ್ ಕಟ್ಟಿದ ಮೇಲೆ, ಸಮಬೆಲೆಗಿದ್ದ (1-1) ಫೇವರಿಟ್ ಓಟದಿಂದ ಹಿಂದೆ ಸರಿದ್ರೆ, ನಿಮ್ಮ ಲಾಭದಲ್ಲಿ ಪೌಂಡಿಗೆ 45 ಪೆನ್ಸ್ ಕಡಿತ. 500 ಬರಬೇಕಾದ್ದು 275. ನ್ಯಾಯವೇ, ಯಾಕಂದ್ರೆ ದೊಡ್ಡ ಎದುರಾಳಿ ಇಲ್ಲ. ಆದ್ರೆ ಮೊದಲೇ ತಿಳಿದಿರದಿದ್ರೆ ಜೇಬು ಕತ್ತರಿಸಿದ ಹಾಗೇ ಕಾಣುತ್ತೆ. ಸರಿದ ಕುದುರೆ 14-1ಕ್ಕಿಂತ ದೂರದ್ದಾದ್ರೆ ಕಡಿತ ಇಲ್ಲ.

ಹರಿದಟಿಕೆಟ್:

ದೂರಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಆದ್ದರಿಂದ.

ಕಿಟಕಿ ಬಿಡೋ ಮುಂಚೆ ಟಿಕೆಟ್ ಓದಿ: ಟ್ರ್ಯಾಕ್, ಓಟದ ಸಂಖ್ಯೆ, ಬಾಜಿ ಯಾವುದು, ಕುದುರೆ ನಂಬರ್, ಮೊತ್ತ. ಆಗೋ ತಪ್ಪು ಹೆಚ್ಚಾಗಿ ಮೊದಲ ಎರಡರಲ್ಲಿ. ಮೆಷಿನ್ನಿನ ಪರದೆ ಹಿಂದಿನ ಟ್ರ್ಯಾಕಿನ ಮೇಲೇ ನಿಂತಿರುತ್ತೆ, ನೀವು ಇಲ್ಲಿನ 5ನೇ ಕುದುರೆ ಅಂದ್ಕೊಂಡು ಬೇರೆ ಊರಿನ 5ನೇ ಕುದುರೆಗೆ ಕಟ್ಟಿರ್ತೀರಿ. ಓಟ ಶುರುವಾದ ಮೇಲೆ ಯಾರೂ ರದ್ದು ಮಾಡಿಕೊಡಲ್ಲ.

ಟಿಕೆಟ್ ಥರ್ಮಲ್ ಕಾಗದ. ಬಿಸಿಲಲ್ಲಿ ನಿಂತ ಕಾರಿನ ಗಾಜಿನ ಕೆಳಗಿಟ್ಟರೆ ಇಡೀ ಕಾಗದ ಕಪ್ಪಾಗಿ ಬಾರ್‌ಕೋಡ್ ಓದೋಕೆ ಆಗಲ್ಲ. ಮೊದಲೇ ಫೋಟೋ ತೆಗೆದಿಟ್ಟಿದ್ರೆ ಅದರಲ್ಲಿನ ಕ್ರಮಸಂಖ್ಯೆ ಹಿಡಿದು ಟೋಟ್ ದಾಖಲೆಯಲ್ಲಿ ಹುಡುಕಿಸೋ ದಾರಿ ಉಳಿಯುತ್ತೆ.

ಬೋರ್ಡಿನಲ್ಲಿ 'ಅಫಿಷಿಯಲ್' (ಫಲಿತಾಂಶ ಖಾಯಂ) ಅಂತ ಬರೋ ತನಕ ಯಾವ ಟಿಕೆಟ್ಟೂ ಎಸೀಬೇಡಿ. 2019ರ ಕೆಂಟಕಿ ಡರ್ಬಿಯಲ್ಲಿ ಸ್ಟೀವರ್ಡ್ಸ್ 22 ನಿಮಿಷ ನೋಡಿ, ಮೊದಲು ಬಂದ ಮ್ಯಾಕ್ಸಿಮಮ್ ಸೆಕ್ಯುರಿಟಿಯನ್ನ ಕೆಳಗಿಳಿಸಿದ್ರು. ಗೆದ್ದದ್ದು ಕಂಟ್ರಿ ಹೌಸ್, 2 ಡಾಲರಿಗೆ 132.40. ಅಫಿಷಿಯಲ್ ಆದ ಮೇಲೆ ಮಾತ್ರ ಬಾಜಿ ಮಟ್ಟಿಗೆ ಬಾಗಿಲು ಮುಚ್ಚಿತು. 2021ರ ಡರ್ಬಿ ಗೆದ್ದ ಮೆಡಿನಾ ಸ್ಪಿರಿಟ್‌ನ ಗೆಲುವನ್ನ ಔಷಧ ಪರೀಕ್ಷೆಯ ಮೇಲೆ 2022ರಲ್ಲಿ ಕಿತ್ತುಕೊಂಡು ಮ್ಯಾಂಡಲೂನ್‌ಗೆ ಕೊಟ್ಟರು, ಬಹುಮಾನವೂ ಆ ಕಡೆ ಹೋಯ್ತು. ಮ್ಯಾಂಡಲೂನ್ ಮೇಲೆ ಕಟ್ಟಿದವರಿಗೆ ನಯಾಪೈಸೆ ಇಲ್ಲ. ಮಾಲೀಕರಿಗೆ ಒಂದು ಫಲಿತಾಂಶ, ಬಾಜಿ ಕಟ್ಟಿದವರಿಗೆ ಇನ್ನೊಂದು. ಈ ದೂರಿಗೆ ಒಳ್ಳೆ ಉತ್ತರ ನಾನು ಎಲ್ಲೂ ಓದಿಲ್ಲ.

ದೂರು ಕೊಡೋದಾದ್ರೆ ಮೊದಲು ಟ್ರ್ಯಾಕಿನ ಬೆಟ್ಟಿಂಗ್ ನೋಡಿಕೊಳ್ಳೋ ಮ್ಯೂಚುವೆಲ್ ಮ್ಯಾನೇಜರ್, ಅಲ್ಲಿ ಆಗದಿದ್ರೆ ಆ ರಾಜ್ಯದ ರೇಸಿಂಗ್ ಕಮಿಷನ್‌ಗೆ ಬರಹದಲ್ಲಿ. ಓಟದ ಸಂಖ್ಯೆ, ಟಿಕೆಟ್ ಕ್ರಮಸಂಖ್ಯೆ, ಟರ್ಮಿನಲ್ ನಂಬರ್, ಸಮಯ. 'ಬೆಲೆ ಬದಲಾಯ್ತು' ಅಂತ ಬರೆದ್ರೆ ಸಿದ್ಧ ಉತ್ತರ ಬರುತ್ತೆ. 'ಈ ಓಟದಲ್ಲಿ ಪೂಲ್ ಮುಚ್ಚಿದ ಸಮಯ ಮತ್ತು ಗೇಟ್ ತೆರೆದ ಸಮಯ ತಿಳಿಸಿ' ಅಂತ ಕೇಳಿ. ಅದಕ್ಕೆ ದಾಖಲೆ ನೋಡಿಯೇ ಉತ್ತರಿಸಬೇಕಾಗುತ್ತೆ.

ಕಡೇಫರ್ಲಾಂಗ್:

ಉಪಕಾರ. ಒಂದೇ ಉಳಿದದ್ದು. ಹಾಗಾದ್ರೆ ಸಾಮಾನ್ಯನಿಗೆ ಲೆಕ್ಕ ಅನುಕೂಲವಾಗೋ ಪೂಲೇ ಇಲ್ವಾ? ಹಿಂದಿನ ದಿನ ಯಾರೂ ಗೆಲ್ಲದೆ ಮೊತ್ತ ಉಳಿದು ಮುಂದಕ್ಕೆ ಬರೋ ದಿನ ಹೇಗೆ?

ಲೆಕ್ಕದಪುಸ್ತಕ:

ಆ ದಿನ ಒಂದು ಭಾಗಾಕಾರ ಮಾಡಿ: ಉಳಿದು ಬಂದ ಮೊತ್ತ ÷ ಟೇಕ್‌ಔಟ್. 1,00,000 ಉಳಿದಿದೆ, ಟೇಕ್‌ಔಟ್ 20%, ಅಂದ್ರೆ 5,00,000. ಹೊಸ ದುಡ್ಡು ಅದಕ್ಕಿಂತ ಕಡಿಮೆ ಬಂದ್ರೆ ಪೂಲ್ ಆಟಗಾರರ ಕಡೆಗೆ. 4,00,000 ಬಂದ್ರೆ ಹಂಚೋದು 3,20,000 ಜೊತೆಗೆ ಆ 1,00,000, ಒಟ್ಟು 4,20,000, ಕಟ್ಟಿದ್ದರ 105%. 6,00,000 ಬಂದ್ರೆ 96.7%ಗೆ ಇಳೀತು. ಆದ್ರೆ ಎರಡು ವಿಷಯ. 'ಒಬ್ಬನೇ ಗೆದ್ದರೆ ಮಾತ್ರ ಜಾಕ್‌ಪಾಟ್' ಅನ್ನೋ ನಮೂನೆ ಬಾಜಿಗೆ ಈ ಲೆಕ್ಕ ಹೊಂದೋದು ಪೂರ್ತಿ ಹಂಚಲೇಬೇಕಾದ ದಿನ ಮಾತ್ರ. ಬೇರೆ ದಿನ ನಿಮ್ಮ ದುಡ್ಡಿನ ಒಂದು ಪಾಲು ಮುಂದಿನವರ ಜಾಕ್‌ಪಾಟ್‌ಗೆ ಹೋಗ್ತಿರುತ್ತೆ. ಇನ್ನೊಂದು, ಇದೇ ಭಾಗಾಕಾರವನ್ನ ಆ ಕಂಪ್ಯೂಟರ್ ಗುಂಪುಗಳೂ ಮಾಡಿರ್ತವೆ, ಹೊಸ ದುಡ್ಡು 5,00,000 ದಾಟಿಸೋದು ಬಹಳ ಸಲ ಅವರೇ.