ಪದಚರ್ಚೆ: ಬೂಟಿನ ಆರೈಕೆಯ ಚೀಟಿಗೆ ಕನ್ನಡ ಪದಗಳು ಬೇಕಾಗಿವೆ (ಸ್ವೇಡ್, ಪೇಟೆಂಟ್ ಲೆದರ್, ಕಂಡೀಷನರ್, ಸೋಲ್)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪಾದರಕ್ಷೆಯ ಅಂಗಡಿಯೊಂದಕ್ಕೆ ಆರೈಕೆಯ ಚೀಟಿಯನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಡಬ್ಬಿಯೊಳಗೆ ಇಡುವ ಅಂಗೈಯಗಲದ ಚೀಟಿ. ಸೋಮವಾರ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ನಾಲ್ಕು ಪದಗಳು ಕಾಡುತ್ತಿವೆ.

ಮೊದಲನೆಯದು ಸ್ವೇಡ್. ತೊಗಲಿನ ಒಳಮೈಯನ್ನು ಉಜ್ಜಿ ಸಣ್ಣ ಎಳೆಗಳನ್ನು ಎಬ್ಬಿಸಿದ ಚರ್ಮ. ನ್ಯೂಬಕ್ ಕೂಡ ಇದೇ ಜಾತಿ, ಆದರೆ ಅಲ್ಲಿ ಉಜ್ಜುವುದು ಹೊರಮೈಯನ್ನು. ಎರಡಕ್ಕೂ ಪಾಲಿಶ್ ಹಚ್ಚಬಾರದು, ಒಣ ಬ್ರಷ್ ಆಡಿಸಬೇಕು ಎಂದು ಗಿರಾಕಿಗೆ ಹೇಳಬೇಕಾಗಿದೆ. ‘ಸ್ವೇಡ್’ ಎಂದಷ್ಟೇ ಬರೆದರೆ ತಮ್ಮ ಕಾಲಲ್ಲಿರುವುದು ಅದೇ ಎಂದು ಎಷ್ಟು ಜನರಿಗೆ ತಿಳಿದೀತು? ಎರಡನೆಯದು ಪೇಟೆಂಟ್ ಲೆದರ್, ಮೇಲೆ ಹೊಳೆಯುವ ಲೇಪ ಬಳಿದ ಚರ್ಮ. ಯಂತ್ರಾನುವಾದ ‘ಹಕ್ಕುಸ್ವಾಮ್ಯದ ಚರ್ಮ’ ಎಂದು ಕೊಟ್ಟಿತು. ಅದನ್ನು ಅಚ್ಚು ಹಾಕಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಮೂರನೆಯದು ಕಂಡೀಷನರ್, ಚರ್ಮ ಒಣಗಿ ಬಿರಿಯದಂತೆ ಹಚ್ಚುವ ಎಣ್ಣೆ ಅಥವಾ ಕ್ರೀಮು. ಸದ್ಯಕ್ಕೆ ‘ತಿಂಗಳಿಗೊಮ್ಮೆ ಚರ್ಮವನ್ನು ಹದ ಮಾಡಿ’ ಎಂದು ಬರೆದುಕೊಂಡಿದ್ದೇನೆ. ಸೋಲ್‌ಗೆ ‘ಅಡಿಭಾಗ’ ಎಂದಿದ್ದೇನೆ, ಸಪ್ಪೆಯಾಗಿದೆ. ಬೇಗ ತಿಳಿಸಿದರೆ ಉಪಕಾರ.

ಉತ್ತರ, ಮೈಸೂರಿನಿಂದ

ಚರ್ಮ ಬೇಡ, ತೊಗಲು ಎನ್ನಿ. ಸ್ವೇಡ್‌ಗೆ ನವಿರ್ದೊಗಲು. ನವಿರು ಎಂದರೆ ಮೈಗೂದಲು. ನವಿರೇಳುವುದು ಎನ್ನುತ್ತೇವಲ್ಲ, ಅದೇ. ಎಳೆ ಎದ್ದ ತೊಗಲಿಗೆ ಇದಕ್ಕಿಂತ ಒಪ್ಪುವ ಪದ ಇಲ್ಲ. ಪಾಲಿಶ್‌ಗೆ ಒಪ್ಪ. ಕಂಡೀಷನರ್‌ಗೆ ಹದಕ. ಬೂಟು, ಶೂ, ಪಾದರಕ್ಷೆ ಎಲ್ಲಕ್ಕೂ ಕೆರ.

ಕೆರ ಎಂದರೆ ಮೂಗು ಮುರಿಯುವವರು ಅದರ ಬೇರನ್ನು ನೋಡಲಿ. ತಮಿಳಿನ ಚೆರುಪ್ಪು, ತೆಲುಗಿನ ಚೆಪ್ಪು ಇದರ ಒಡಹುಟ್ಟುಗಳು. ಇಕಾರ ಎಕಾರಗಳ ಮುಂದೆ ಅವರಲ್ಲಿ ಕಕಾರ ಚಕಾರವಾಯಿತು, ನಮ್ಮಲ್ಲಿ ಹಾಗೆಯೇ ಉಳಿಯಿತು: ನಮ್ಮ ಕಿವಿ ಅವರಿಗೆ ಚೆವಿ, ನಮ್ಮ ಕಿರು ಅವರಿಗೆ ಚಿರು. ಇಷ್ಟು ಹಳೆಯ ಪದವನ್ನು ಮೂಲೆಗೆ ತಳ್ಳಿ ಇಂಗ್ಲಿಷಿನ ಬೂಟನ್ನು ತಲೆಯ ಮೇಲೆ ಹೊತ್ತುಕೊಂಡಿದ್ದೇವೆ.

ಉತ್ತರ, ಅಥಣಿ ಕಡೆಯಿಂದ

ಪ್ರಶ್ನೆ ಕೇಳಿದವರಿಗೆ: ‘ಹದ ಮಾಡಿ’ ಎಂದು ದಯವಿಟ್ಟು ಅಚ್ಚು ಹಾಕಿಸಬೇಡಿ. ‘ಹದಕ’ವಂತೂ ಬೇಡವೇ ಬೇಡ.

ಹದ ಮಾಡುವುದು ಎಂದರೆ ಹಸಿ ತೊಗಲನ್ನು ಕೊಳೆಯದ ಚರ್ಮವಾಗಿಸುವ ಕೆಲಸ. ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಹೆರೆದು, ಜಾಲಿ ತೊಗಟೆ, ಅಳಲೆಕಾಯಿಯ ಒಗರು ನೀರನ್ನು ಊಡಿಸಬೇಕು. ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ಆ ನೀರು ತುಂಬಿ ತೂಗುಹಾಕುವ ಪದ್ಧತಿ ನಮ್ಮ ಕಡೆಯದು. ಒಮ್ಮೆ ಹದವಾದ ಚರ್ಮವನ್ನು ಯಾರೂ ತಿಂಗಳಿಗೊಮ್ಮೆ ಮತ್ತೆ ಹದ ಮಾಡುವುದಿಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ, ಆಯಾ ಸೀಮೆಯ ಉತ್ಪನ್ನಕ್ಕೆ ಕೊಡುವ ಗುರುತು) ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. ಈ ಕಸುಬಿನವರಲ್ಲಿ ಕನ್ನಡ ಆಡುವವರು ಬೇಕಾದಷ್ಟು ಜನ ಇದ್ದಾರೆ. ಅವರ ಬಾಯಲ್ಲಿ ಪದ ಇರುವಾಗ ಮೇಜಿನ ಮುಂದೆ ಕುಳಿತು ಹೊಸದನ್ನು ಹೊಸೆಯುವುದು ಏಕೆ?

ನಿಮಗೆ ಬೇಕಾದದ್ದು ‘ಎಣ್ಣೆ ಕುಡಿಸುವುದು’. ಹೊಸ ಚಪ್ಪಲಿ ಬಿರುಸಾಗಿದ್ದರೆ ಮೆತ್ತನೆಯ ಬಟ್ಟೆಗೆ ನಾಲ್ಕು ಹನಿ ಹರಳೆಣ್ಣೆ ಹಾಕಿಕೊಂಡು ಬಾರು, ಉಂಗುಟಗಳಿಗೆ ತಿಕ್ಕಿ ರಾತ್ರಿಯಿಡೀ ಬಿಡುತ್ತಾರೆ. ಹಚ್ಚಿದ ಕೂಡಲೇ ಬಣ್ಣ ಒಂದು ಪಟ್ಟು ಗಾಢವಾಗುತ್ತದೆ. ಬೆಳಿಗ್ಗೆ ಬಗ್ಗಿಸಿ ನೋಡಿದರೆ ಮಡಿಕೆಯಲ್ಲಿ ಬಿಳಿ ಗೆರೆ ಏಳುವುದಿಲ್ಲ. ಚರ್ಮ ಕುಡಿದಿದೆ ಎಂದು ಅರ್ಥ. ಅಂಗಡಿಯಲ್ಲಿ ಮಾರುವುದು ಕ್ರೀಮು ಆದರೆ ‘ಕ್ರೀಮು ಕುಡಿಸಿ’ ಎನ್ನಿ. ಕುಡಿಸು ಎಂಬ ಕ್ರಿಯಾಪದದಲ್ಲಿ ಇನ್ನೊಂದು ಲಾಭವಿದೆ: ಮೇಲೆ ಬಳಿದು ನಿಲ್ಲಿಸಬಾರದು, ಒಳಕ್ಕೆ ಇಳಿಯಬೇಕು ಎಂಬ ಸೂಚನೆ ಅದರಲ್ಲೇ ಬಂದುಬಿಡುತ್ತದೆ. ಪಾಲಿಶ್ ಹಾಗಲ್ಲ, ಅದು ಮೇಣ, ಮೇಲೆಯೇ ಕೂರಬೇಕು. ಆದ್ದರಿಂದ ಮೊದಲು ಕುಡಿಸುವುದು, ಮೇಣ ಆಮೇಲೆ. ಈ ಕ್ರಮ ಚೀಟಿಯಲ್ಲಿ ಇರಲೇಬೇಕು.

ಪೇಟೆಂಟ್ ಲೆದರ್‌ಗೆ ‘ಮಿರುಗು ಚರ್ಮ’ ಸಾಕು. ಹಿಂದೆ ಕಾಯಿಸಿದ ಅಗಸೆ ಎಣ್ಣೆಯ ಮೆರುಗೆಣ್ಣೆಯನ್ನು ಪದರ ಪದರವಾಗಿ ಬಳಿದು ಮಾಡುತ್ತಿದ್ದರು, ಈಗ ಪ್ಲಾಸ್ಟಿಕ್ ಲೇಪ. ಏನು ಕುಡಿಸಿದರೂ ಅದು ಕುಡಿಯದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ರೆಕ್ಸಿನ್ ಕೂಡ ಅಷ್ಟೇ. ಅದಕ್ಕೆ ‘ಕೃತಕ ಚರ್ಮ’ ಎಂದು ಬರೆಯಲು ಹೋಗಬೇಡಿ, ರೆಕ್ಸಿನ್ ಎಂದರೆ ಪ್ರತಿ ಮನೆಗೂ ಗೊತ್ತು. ಸೋಲ್‌ಗೆ ಅಟ್ಟೆ ಇದೆ. ‘ಅಟ್ಟೆ ಸವೆದಿದೆ’ ಎಂದರೆ ಅರ್ಥವಾಗದವರು ನಮ್ಮಲ್ಲಿ ಇಲ್ಲ.

ಮೈಸೂರಿನವರ ‘ನವಿರು’ ಒಳ್ಳೆಯ ಪದ, ಒಪ್ಪುತ್ತೇನೆ. ಆದರೆ ನವಿರ್ದೊಗಲು ಎಂದು ಸಂಧಿ ಮಾಡಿ ಓದುವವರನ್ನು ಎಡವಿಸಬೇಡಿ. ‘ನವಿರು ಚರ್ಮ’ ಎಂದು ಬಿಡಿಸಿ ಬರೆದು ಪಕ್ಕದಲ್ಲಿ ಸ್ವೇಡ್ ಎಂದೂ ಹಾಕಿ, ಡಬ್ಬಿಯ ಮೇಲೆ ಇರುವುದು ಅದೇ ತಾನೇ. ಫ್ರೆಂಚರು ಸ್ವೀಡನ್ನಿನ ಕೈಗವಸು ಎಂದು ಕರೆದದ್ದೇ ಇಂಗ್ಲಿಷಿನಲ್ಲಿ ಸ್ವೇಡ್ ಆಯಿತು. ಇಂಗ್ಲಿಷಿನವರೇ ಎರವಲು ತಂದು ಸುಖವಾಗಿದ್ದಾರೆ.

ಕೆರದ ಮಾತು. ಪದ ಹಳೆಯದು, ನಿಜ. ಇವತ್ತು ಅದು ಬೈಗುಳದಲ್ಲಿ ಬದುಕಿದೆ, ಎಕ್ಕಡದ ಹಾಗೆಯೇ. ದುಡ್ಡು ಕೊಟ್ಟು ಕೊಂಡವರ ಕೈಗೆ ‘ನಿಮ್ಮ ಕೆರವನ್ನು ಒರೆಸಿಕೊಳ್ಳಿ’ ಎಂಬ ಚೀಟಿ ಕೊಡುತ್ತೀರಾ? ಕಲ್ಯಾಣದಲ್ಲಿ ಹರಳಯ್ಯ ಬಸವಣ್ಣನವರಿಗಾಗಿ ಮಾಡಿದ್ದು ಚಮ್ಮಾವುಗೆ ಎಂದೇ ಜನ ಇಂದಿಗೂ ಹೇಳುತ್ತಾರೆ. ಅದರಲ್ಲಿ ಚಮ್ಮ ಬಂದದ್ದು ಚರ್ಮದಿಂದ, ಹಾವುಗೆ ಬಂದದ್ದು ಪಾದುಕೆಯಿಂದ; ಎರಡೂ ಎರವಲು. ಆ ಪದವನ್ನು ಕನ್ನಡವಲ್ಲ ಎಂದು ಹೊರಗೆ ಹಾಕುತ್ತೀರಾ?

ಉತ್ತರ, ಮೈಸೂರಿನಿಂದ

ಚಮ್ಮಾವುಗೆಯ ಉದಾಹರಣೆ ನನ್ನ ವಾದಕ್ಕೇ ಬಲ. ಪಾದುಕೆ ಹಾವುಗೆಯಾಗಿ ಕನ್ನಡದ ನಾಲಗೆಗೆ ತಿರುಗಿತು, ಪಕಾರ ಹಕಾರವಾಯಿತು. ಎರವಲು ತರುವವರು ಆ ಕಷ್ಟ ಪಡಲಿ. ಪೇಟೆಂಟ್ ಲೆದರ್, ಕಂಡೀಷನರ್ ತಿರುಗಿವೆಯೇ? ಇದ್ದಂತೆಯೇ ಎತ್ತಿ ತಂದು ಇಟ್ಟರೆ ಅದು ಎರವಲಲ್ಲ, ಸೋಮಾರಿತನ.

‘ಎಣ್ಣೆ ಕುಡಿಸು’ ಒಪ್ಪಿದೆ. ಹದಕವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಪಾಲಿಶ್ ವಿಷಯದಲ್ಲಿ ಬಗ್ಗುವುದಿಲ್ಲ. ಚಿನ್ನಕ್ಕೆ ಒಪ್ಪವಿಡುವ ಭಾಷೆಗೆ ಚಪ್ಪಲಿಗೆ ಒಪ್ಪವಿಡಲು ಬಾರದೇ?

ಉತ್ತರ, ಅಥಣಿ ಕಡೆಯಿಂದ

ಪಾಲಿಶ್ ತಿರುಗಿಯೂ ಆಗಿದೆ, ಪಾಲೀಸು ಎನ್ನುತ್ತಾರೆ. ಬೂಟೂ ಉಕಾರ ಪಡೆದಿದೆ. ನಿಮ್ಮ ನಿಯಮದ ಪ್ರಕಾರವೇ ಎರಡೂ ಕನ್ನಡ.

ಉತ್ತರ, ಮಂಗಳೂರಿನಿಂದ

ಪದಗಳ ಜಗಳದಲ್ಲಿ ಬೂಷ್ಟನ್ನು ಎಲ್ಲರೂ ಮರೆತಿದ್ದೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಕಪಾಟಿನಲ್ಲಿ ಇಟ್ಟ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಚೀಟಿಯಲ್ಲಿ ‘ಶಿಲೀಂಧ್ರ’ ಎಂದು ಬರೆಯಬೇಡಿ. ಬೂಷ್ಟು ಎಂದರೆ ಮುದುಕಿಗೂ ಮಗುವಿಗೂ ಗೊತ್ತು. ಒದ್ದೆಯಾದ ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಆರಿಸಬೇಕು, ಒಲೆಯ ಬಳಿ ಇಟ್ಟರೆ ಚರ್ಮ ಸೆಟೆದು ಬಿರುಕು ಬಿಡುತ್ತದೆ ಎಂದೂ ಸೇರಿಸಿ. ಪಾಲಿಯುರೆಥೇನ್ ಎಂಬ ಹಗುರ ಪ್ಲಾಸ್ಟಿಕ್‌ನ ಅಟ್ಟೆಯಿರುವ ಬೂಟುಗಳನ್ನು ಡಬ್ಬಿಯಲ್ಲೇ ಕಟ್ಟಿಡಬಾರದು. ಸೆಕೆ, ತೇವ ಸೇರಿದರೆ ಆ ಅಟ್ಟೆ ಹಾಕಿಕೊಳ್ಳದೆಯೇ ಪುಡಿಪುಡಿಯಾಗುತ್ತದೆ. ಕ್ಯಾನ್ವಾಸ್ ಒಂದನ್ನು ಮಾತ್ರ ಸೋಪು ನೀರಿನಲ್ಲಿ ತೊಳೆಯಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಚೀಟಿ ಈಗ ಹೀಗಿದೆ:

‘ಸಾದಾ ಚರ್ಮ: ಧೂಳು ಒರೆಸಿ. ತಿಂಗಳಿಗೊಮ್ಮೆ ಎಣ್ಣೆ ಅಥವಾ ಕ್ರೀಮು ಕುಡಿಸಿ, ಒಂದು ರಾತ್ರಿ ಬಿಟ್ಟು ಪಾಲಿಶ್ ಹಾಕಿ. ನವಿರು ಚರ್ಮ, ಅಂದರೆ ಸ್ವೇಡ್ ಮತ್ತು ನ್ಯೂಬಕ್: ಒಣ ಬ್ರಷ್ ಆಡಿಸಿ, ಕಲೆಯನ್ನು ರಬ್ಬರಿನಿಂದ ಉಜ್ಜಿ, ಎಣ್ಣೆ, ಪಾಲಿಶ್ ತಾಗಿಸಬೇಡಿ. ಮಿರುಗು ಚರ್ಮ, ರೆಕ್ಸಿನ್: ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಕ್ಯಾನ್ವಾಸ್: ಸೋಪು ನೀರಿನಲ್ಲಿ ತೊಳೆಯಿರಿ. ಯಾವುದೇ ಬೂಟು ನೆನೆದರೆ ಒಳಗೆ ಪತ್ರಿಕೆ ತುಂಬಿ ನೆರಳಿನಲ್ಲಿ ಆರಿಸಿ. ಬೂಷ್ಟು ಹಿಡಿಯದಂತೆ ಗಾಳಿಯಾಡುವ ಕಡೆ ಇಡಿ.’

ಒಪ್ಪವನ್ನು ಬಿಟ್ಟದ್ದಕ್ಕೆ ಮೈಸೂರಿನವರು ಕ್ಷಮಿಸಬೇಕು, ಅಂಗಡಿಯವರು ಒಪ್ಪಲಿಲ್ಲ. ಲೇಸಿನ ಕೆಳಗಿರುವ ಪಟ್ಟಿಗೆ ಚಿತ್ರದಲ್ಲಿ ‘ನಾಲಗೆ’ ಎಂದು ಗುರುತು ಹಾಕಿದ್ದೇನೆ. ಆಕ್ಷೇಪವಿದ್ದರೆ ಭಾನುವಾರ ರಾತ್ರಿಯೊಳಗೆ ತಿಳಿಸಿ.